ಭಾವನವರ ಹಕ್ಕಲು

ನಮ್ಮ ಭಾವ ಬೆಳಿಗ್ಗೆ ತಿಂಡಿಗೆ ಮೊದಲು ಒಬ್ಬ ರಾಕ್ಷಸನನ್ನಾದರೂ ಕೊಲ್ಲದೆ ಏಳುವವರಲ್ಲ. ಹಾಗಂತ ಅವರನ್ನು ಮಹಾ ಶೂರರೆಂದು ತಿಳಿದೀರಿ, ಜೋಕೆ! ಬಚ್ಚಲಲ್ಲಿ ಜಿರಳೆ ಕಂಡರೆ ಕುರ್ಚಿ ಹತ್ತಿ ನಿಂತು ನಮ್ಮಕ್ಕನನ್ನು ಕೂಗುವ ಆಸಾಮಿ. ಕೊಲ್ಲುವುದೆಲ್ಲ ಮೊಬೈಲಿನಲ್ಲಿ. ಅದೊಂದು ಆನ್‌ಲೈನ್ ಆಟ. ಎಲ್ಲೆಲ್ಲಿನ ಜನವೋ ಕತ್ತಿ ಹಿಡಿದು ಒಂದೇ ಕಾಡಿಗೆ ನುಗ್ಗುತ್ತಾರೆ, ರಾಕ್ಷಸರನ್ನು ಕೊಲ್ಲುತ್ತಾರೆ, ಸತ್ತ ರಾಕ್ಷಸ ಉದುರಿಸಿದ ಚಿನ್ನ, ಕವಚ, ಕಿರೀಟಗಳನ್ನು ಬಾಚಿಕೊಂಡು ಶ್ರೀಮಂತರಾಗುತ್ತಾರೆ. ನಮ್ಮ ಭಾವನೊಬ್ಬರನ್ನು ಬಿಟ್ಟು! ನಿನ್ನೆ ಮೊನ್ನೆ ಸೇರಿದವರು ಬಂಗಾರದ ಕವಚ ತೊಟ್ಟು ರೆಕ್ಕೆಯ ಕುದುರೆಯ ಮೇಲೆ ಹಾರಾಡುತ್ತಿದ್ದರೆ, ಇವರು ಮೊದಲ ದಿನ ಕೊಟ್ಟ ಹರಕು ಅಂಗಿಯಲ್ಲೇ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ವರ್ಷಗಟ್ಟಲೆ ದುಡಿದೂ ಕಾಲಿಗೊಂದು ಚಪ್ಪಲಿ ಸಂಪಾದಿಸದ ಗಂಡಸನ್ನು ನೀವೆಲ್ಲಾದರೂ ಕಂಡಿದ್ದೀರಾ? ನನಗಂತೂ ಅವರ ಆಟ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದರು. ತಗಡಿನ ಹಾಳೆಯನ್ನು ಮೆಷಿನ್ನಿಗೆ ಕೊಟ್ಟು ಧಡ್ ಧಡ್ ಎಂದು ಬಿಡಿಭಾಗ ಒತ್ತಿ ತೆಗೆಯುವ ಕಾರ್ಖಾನೆ. ಒಂದು ದಿನ ಮಾಲೀಕರು ಅದಕ್ಕೆ ಬೀಗ ಹಾಕಿದರು. ಈಗ ಆ ಶೆಡ್ಡಿನಲ್ಲಿ ಯಾರದೋ ಪಾರ್ಸೆಲ್ ಗೋಡೌನ್ ಇದೆ. ಕೆಲಸ ಹೋದ ಗಂಡಸಿಗೆ ಮನೆಯಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ. ಲಗ್ಗೆರೆಯ ಆ ಎರಡು ಕೋಣೆಯ ಮನೆಯಲ್ಲಿ ಭಾವ ಎಷ್ಟೋ ತಿಂಗಳು ನಿಂತುಕೊಂಡೇ ಇದ್ದರು. ಕೊನೆಗೊಂದು ದಿನ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾರ್ಖಾನೆಯ ನೀಲಿ ಅಂಗಿಯನ್ನೇ ತೊಟ್ಟು, ಮೊಬೈಲ್ ಹಿಡಿದು ಕೂತರು. ಅಲ್ಲಿಂದ ಶುರುವಾಯಿತು ನೋಡಿ ರಾಕ್ಷಸ ಸಂಹಾರ!

ಶಿಸ್ತು ಮಾತ್ರ ಕಾರ್ಖಾನೆಯದ್ದೇ. ಶಿಫ್ಟಿಗೆ ಮೊದಲು ಮೊಬೈಲನ್ನು ಮೆಷಿನ್ ಒರೆಸುವ ನೂಲಿನ ಚಿಂದಿಯಲ್ಲಿ, ಅದೇ ಕಾಟನ್ ವೇಸ್ಟಿನಲ್ಲಿ, ಒರೆಸಬೇಕು. ಟೀ ಹೊತ್ತಿಗೆ ಆಟ ನಿಲ್ಲಿಸಬೇಕು, ಎದುರಿಗಿರುವ ರಾಕ್ಷಸ ಬಾಯಿ ಕಳೆದುಕೊಂಡಿದ್ದರೂ ಸರಿಯೇ. "ಏನ್ ಭಾವ, ರಾಕ್ಷಸನಿಗೂ ಟೀ ಬ್ರೇಕಾ?" ಎಂದರೆ, "ಅವನಿಗೂ ಮೈ ಕೈ ನೋವು ಇರಲ್ವೇನಮ್ಮಾ ಟೀಚರ್?" ಎನ್ನುತ್ತಿದ್ದರು. ನಾನು ಜಾಲಹಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ನಾದಿನಿಯನ್ನು ರೇಗಿಸುವ ಹಕ್ಕು ಭಾವಂದಿರಿಗೆ ಹುಟ್ಟಿನಿಂದ ಬಂದದ್ದು. ಆದರೆ ಆ ದಿನಗಳಲ್ಲಿ ಅವರು ಆಡುತ್ತಿದ್ದ ತಮಾಷೆ ಮಾತು ಇಷ್ಟೇ.

ನಮ್ಮಕ್ಕ ಮನೆ ನಡೆಸುವ ಹೆಂಗಸು, ಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಲೆಕ್ಕ ಕೇಳುತ್ತಾಳೆ. "ಅಲ್ರೀ, ಆ ರಾಕ್ಷಸನ ಹೊಟ್ಟೇಲಿ ಚಿನ್ನ ಎಲ್ಲಿಂದ ಬಂತು?"

"ಎಲ್ಲಿಂದಲೂ ಬರಲ್ಲ ಕಣೇ. ಅವನು ಸತ್ತ ತಕ್ಷಣ ಹುಟ್ಟುತ್ತೆ. ಕಂಪನಿಯವರು ಹುಟ್ಟಿಸ್ತಾರೆ."

"ಹಂಗಾದ್ರೆ ಎಲ್ಲರ ಹತ್ರಾನೂ ರಾಶಿ ರಾಶಿ ಆಗಿ ಚಿನ್ನಕ್ಕೆ ಬೆಲೆನೇ ಇಲ್ದಂಗೆ ಆಗಲ್ವಾ?"

"ಅದಕ್ಕೇ ಕತ್ತಿ ಮೊಂಡಾಗುತ್ತೆ, ರಿಪೇರಿಗೆ ಚಿನ್ನ ಕಟ್ಬೇಕು. ಸಂತೇಲಿ ಮಾರಿದ್ರೆ ಸುಂಕ. ದೂರದ ಊರಿಗೆ ಹೋದ್ರೆ ದೋಣಿ ಬಾಡಿಗೆ. ಆ ಕಡೆಯಿಂದ ಸುರೀತಾರೆ, ಈ ಕಡೆಯಿಂದ ಹೀರ್ಕೋತಾರೆ."

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. "ಇಷ್ಟು ವರ್ಷ ನಮ್ಮನೇಲೂ ನಡೆದಿದ್ದು ಅದೇ ಅಲ್ವಾ! ಮತ್ತೆ ಇದಕ್ಕೆ ಆಟ ಅಂತ ಯಾಕ್ ಕರೀತಾರೆ?" ಭಾವ ಕಾಟನ್ ವೇಸ್ಟ್ ಹುಡುಕಲು ಎದ್ದರು.

ನನ್ನ ತಮ್ಮನ ಮಗುವಿನ ನಾಮಕರಣದಲ್ಲಿ ಇವರು ಮಾಡಿದ ಘನಕಾರ್ಯ ಕೇಳಿ. ತೊಟ್ಟಿಲ ಸುತ್ತ ನೆಂಟರಿಷ್ಟರು ಸೇರಿದ್ದಾರೆ. ಸೋದರತ್ತೆಯಾದ ನಾನು ಬಾಗಿ, ಮಗುವಿನ ಕಿವಿಯಲ್ಲಿ ಮೆಲ್ಲಗೆ ಹೆಸರು ಉಸುರುತ್ತಿದ್ದೇನೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಆಗ ಬಾಗಿಲ ಹತ್ತಿರದಿಂದ ಒಂದು ದೊಡ್ಡ ದನಿ: "ಸತ್ತ! ಸತ್ತೇ ಹೋದ! ಬೇಗ ಬಾ, ಬೇಗ ಬಾ!" ಮಗುವಿನ ಅಜ್ಜಿ ಅಲ್ಲೇ ಕುಸಿದು ಕೂತರು. ಯಾರೋ ನೀರು ತಂದರು. ತಿರುಗಿ ನೋಡಿದರೆ ನಮ್ಮ ಭಾವ ಮೊಬೈಲಿನೊಳಗೆ ಮುಳುಗಿ ತಮ್ಮಷ್ಟಕ್ಕೆ ತಾವೇ ಯಾರನ್ನೋ ಕರೆಯುತ್ತಿದ್ದಾರೆ! ಸಂಬಂಧಿಕರಲ್ಲಿ ಒಬ್ಬರೂ ಆ ದಿನದಿಂದ ಇವರನ್ನು ಯಾವ ಶುಭಕಾರ್ಯಕ್ಕೂ ಕರೆದಿಲ್ಲ.

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆಯೇ ಲಗ್ಗೆರೆಗೆ ಹೋಗಿ ಅವರ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ಈ ಮನುಷ್ಯ ಯಾರನ್ನು ಬೇಗ ಬಾ ಅನ್ನುತ್ತಾರೆ, ನೋಡಿಯೇ ಬಿಡೋಣ! ಕೂತು ನೋಡಿದರೆ ಕಂಡದ್ದೇನು? ರಾಕ್ಷಸ ಸತ್ತ. ಚಿನ್ನ ಉದುರಿತು. ಭಾವ ಅದನ್ನು ಮುಟ್ಟಲೇ ಇಲ್ಲ. ಬದಲಿಗೆ ತಮ್ಮ ಚೀಲದಲ್ಲಿದ್ದುದನ್ನೂ ಒಂದೊಂದಾಗಿ ತೆಗೆದು ಅಲ್ಲೇ ನೆಲಕ್ಕೆ ಚೆಲ್ಲಿ, ಮರದ ಮರೆಗೆ ಹೋಗಿ ನಿಂತರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಆಟಗಾರ ಕುಂಟುತ್ತ ಬಂದು ಎಲ್ಲವನ್ನೂ ಆರಿಸಿಕೊಂಡು ಹೋದ.

"ಭಾವಾ! ತಲೆ ನೆಟ್ಟಗಿದೆಯಾ ನಿಮಗೆ? ಯಾರವನು?"

"ಗದಗು," ಎಂದರು ಭಾವ.

ಗದಗು ಎಂದರೆ ಅವರ ಕಾರ್ಖಾನೆಯ ಆಪರೇಟರ್. ಗದಗದ ಕಡೆಯವನು, ಅದಕ್ಕೇ ಎಲ್ಲರ ಬಾಯಲ್ಲೂ ಅದೇ ಹೆಸರು. ಒಂದು ಸಂಜೆ ಭಾವ ಅವನನ್ನು ಓಟಿಗೆ, ಅಂದರೆ ಓವರ್‌ಟೈಮಿಗೆ, ನಿಲ್ಲಿಸಿಕೊಂಡಿದ್ದರು. ಅವನು ಮನೆಗೆ ಹೊರಟಿದ್ದನಂತೆ, "ಇವತ್ತೊಂದು ದಿನ ನಿಲ್ಲೋ" ಎಂದರಂತೆ. ಅದೇ ಓಟಿಯಲ್ಲಿ ಪ್ರೆಸ್ ಅವನ ಬಲಗೈಯ ಬೆರಳುಗಳನ್ನು ತೆಗೆದುಕೊಂಡಿತು. ಆಮೇಲೆ ಕಾರ್ಖಾನೆಯೂ ಮುಚ್ಚಿತು. ಅವನು ಬಾಡಿಗೆ ಕಡಿಮೆಯೆಂದು ಚಂದಾಪುರಕ್ಕೆ ಹೋಗಿ ಒಂದು ರೂಮು ಹಿಡಿದ. ಭಾವ ಒಂದು ಮೂಟೆ ಅಕ್ಕಿ ಹೊತ್ತುಕೊಂಡು ನೋಡಲು ಹೋದರು. ಅವನು ಟೀ ಮಾಡಿ ಕೊಟ್ಟ, ಕಷ್ಟಸುಖ ಮಾತಾಡಿದ, ಮೂಟೆಯನ್ನು ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟಾಪಿಗೆ ಬಂದು, ಅದಕ್ಕೊಂದು ಲಗೇಜ್ ಟಿಕೆಟ್ಟನ್ನೂ ತಾನೇ ತೆಗೆಸಿ ವಾಪಸ್ ಕಳಿಸಿದ! "ಕೈ ನೋಡಿ ಕೊಡೂದಾದ್ರ ಬರಬ್ಯಾಡ್ರಿ ಸಾಹೇಬ್ರ" ಎಂದುಬಿಟ್ಟನಂತೆ. ಭಾವ ಮತ್ತೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ.

ಅವನು ಈ ಆಟ ಆಡುತ್ತಾನೆಂದು ಹಳೆಯ ಕೆಲಸಗಾರರೊಬ್ಬರಿಂದ ಭಾವನಿಗೆ ತಿಳಿಯಿತು. ಎಡಗೈ ಒಂದರಲ್ಲೇ ಆಡುತ್ತಾನಂತೆ, ಅದಕ್ಕೇ ಆಟದಲ್ಲಿ ಆ ಕುಂಟು ನಡಿಗೆ. ಗಳಿಸಿದ ಚಿನ್ನವನ್ನು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನವರಿಗೆ ಮಾರುತ್ತಾನಂತೆ. ಅವರಿಗೆ ದುಡ್ಡಿದೆ, ರಾಕ್ಷಸರನ್ನು ಕೊಲ್ಲಲು ಪುರುಸೊತ್ತಿಲ್ಲ. ಇವನಿಗೆ ಪುರುಸೊತ್ತೇ ಪುರುಸೊತ್ತು. ಆಟದ ಚಿನ್ನ ಅವರಿಗೆ ಹೋಗುತ್ತದೆ, ಅವರ ರೂಪಾಯಿ ಇವನಿಗೆ ಬರುತ್ತದೆ, ರೂಮಿನ ಬಾಡಿಗೆ ಕಟ್ಟುತ್ತಾನೆ. ಆದರೆ ಒಂದೇ ಕೈಯಲ್ಲಿ ಎಷ್ಟು ರಾಕ್ಷಸರನ್ನು ಕೊಲ್ಲಲಾದೀತು?

"ನೇರವಾಗಿ ಚಿನ್ನಾನೇ ಕೊಟ್ಬಿಡಿ ಭಾವ! ಆ ಆಟದಲ್ಲಿ ಕೊಡೋಕಾಗಲ್ವಾ?"

"ಕೊಟ್ರೆ ತಗೋತಾನೇನಮ್ಮಾ ಅವನು? ಅಕ್ಕಿ ಮೂಟೆ ಕಥೆ ಕೇಳ್ಲಿಲ್ವಾ ನೀನು?" ಭಾವ ಮೊಬೈಲ್ ಒರೆಸುತ್ತ ಹೇಳಿದರು. "ಕ್ಯಾಂಟೀನಲ್ಲಿ ಅವನೇ ಒಂದ್ಸಲ ಹೇಳಿದ್ದ. ಅವರೂರಲ್ಲಿ ಶೇಂಗಾ ಕಿತ್ತಾದ್ಮೇಲೆ ಹೊಲದಲ್ಲಿ ಉಳ್ಕೊಂಡಿದ್ದನ್ನ ಯಾರು ಬೇಕಾದ್ರೂ ಆರಿಸ್ಕೋಬೋದಂತೆ. ಹಕ್ಕಲು ಅಂತಾರಂತೆ. ಅವರಮ್ಮ ಹಕ್ಕಲು ಆರಿಸೇ ಮಕ್ಕಳನ್ನ ಸಾಕಿದ್ದಂತೆ. ಅದು ಭಿಕ್ಷೆ ಅಲ್ವಂತೆ. ಬಿದ್ದಿರೋದು ಬಿದ್ದಿರುತ್ತೆ, ಬಗ್ಗಿದವರಿಗೆ ಸಿಗುತ್ತೆ. ಒಳ್ಳೇ ರೈತ ಆದ್ರೆ ಬೇಕಂತಲೇ ಅಷ್ಟು ಬಿಟ್ಟಿರ್ತಾನಂತೆ."

ನನ್ನ ಅಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಹೀಗೇ ನಡೆದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಆಟದ ಕಂಪನಿಯವರು ಒಂದು ಹೊಸ ಕಾನೂನು ತಂದರು. ಚಿನ್ನ ಮಾರುವವರ ಕಾಟ ಹೆಚ್ಚಾಯಿತಂತೆ. ಇನ್ನು ಮುಂದೆ ಕೊಂದವರ ಚೀಲಕ್ಕೇ ಎಲ್ಲವೂ ತಾನಾಗಿ ಸೇರುತ್ತದೆ. ನೆಲಕ್ಕೆ ಹಾಕಿದ್ದು ಯಾರಿಗೂ ಸಿಗದೆ ಮಾಯವಾಗುತ್ತದೆ. ಬೇರೆಯವರಿಗೆ ಕೈಯಾರೆ ಕೊಡುವಂತೆಯೂ ಇಲ್ಲ. ಏನಿದ್ದರೂ ಸಂತೆಯಲ್ಲಿ ಅಂಗಡಿ ಇಟ್ಟೇ ಮಾರಬೇಕು, ಸುಂಕ ಕಟ್ಟಬೇಕು. ಹಕ್ಕಲಿಗೇ ಬೇಲಿ ಹಾಕಿದರು ನೋಡಿ!

ಪಾಪ, ನಮ್ಮ ಭಾವನಿಗೆ ಶ್ರೀಮಂತಿಕೆ ವಕ್ಕರಿಸಿತು. ಬೇಡವೆಂದರೂ ಚಿನ್ನ ಬಂದು ಚೀಲಕ್ಕೆ ಬೀಳುತ್ತಿತ್ತು. ಚಿನ್ನ ಹೆಚ್ಚಿದಂತೆಲ್ಲ ಇವರ ಊಟ ಕಡಿಮೆಯಾಗುತ್ತ ಬಂತು. ಗದಗು ಕೆಲವು ದಿನ ಬಂದು ಮರದ ಕೆಳಗೆ ಸುಮ್ಮನೆ ನಿಂತು ಹೋದ. ಆಮೇಲೆ ಬರುವುದನ್ನೇ ನಿಲ್ಲಿಸಿದ. ಭಾವ ನೀಲಿ ಅಂಗಿ ತೊಟ್ಟು ಬಾಲ್ಕನಿಯಲ್ಲಿ ಕೂತು, ಯಾರನ್ನೂ ಕೊಲ್ಲದೆ, ಖಾಲಿ ಕಾಡನ್ನು ನೋಡುತ್ತಿದ್ದರು. ಅಕ್ಕ ಫೋನಿನಲ್ಲಿ ಅತ್ತಳು: "ಕಂಪನಿ ಮುಚ್ಚಿದಾಗ್ಲೂ ಹಿಂಗಿರಲಿಲ್ಲ ಕಣೇ."

ಎಲೆಕ್ಟ್ರಾನಿಕ್ ಸಿಟಿ ಕಡೆ ನನಗೊಂದು ತರಬೇತಿ ಬಿದ್ದಿತ್ತು. ಭಾವ ತಲೆ ತಗ್ಗಿಸಿಕೊಂಡು ಬಂದು ಕೇಳಿದರು. "ಚಂದಾಪುರ ಅಲ್ಲೇ ಹತ್ರ. ಒಂಚೂರು ನೋಡ್ಕೊಂಡು ಬಾರಮ್ಮಾ. ನಾನು ಕಳಿಸಿದೆ ಅನ್ಬೇಡ. ಊಟ ಮಾಡ್ತಿದ್ದಾನಾ, ಅಷ್ಟು ನೋಡು ಸಾಕು." ಅವರು ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು.

ಸಾಲು ರೂಮುಗಳ ಒಂದು ಕಟ್ಟಡದಲ್ಲಿ ಗದಗು ಸಿಕ್ಕಿದ. ನನ್ನ ವಯಸ್ಸಿನವನೇ. ಖಾಕಿ ಸಮವಸ್ತ್ರ ತೊಟ್ಟಿದ್ದ, ಆಗಷ್ಟೇ ಡ್ಯೂಟಿ ಮುಗಿಸಿ ಬಂದಂತಿತ್ತು. ನಾನು ಯಾರೆಂದು ಹೇಳಿದೆ. "ದಾರಿಯಲ್ಲಿ ಬಂದಿದ್ದೆ, ಹಾಗೇ..." ಎಂದು ನಾನು ರಾಗ ಎಳೆದೆ. ಅವನು ನಕ್ಕುಬಿಟ್ಟ.

"ಸಾಹೇಬ್ರು ಕಳಿಸ್ಯಾರ ಅಲ್ರೀ? ಬರ್ರಿ ಅಕ್ಕಾರ, ಕುಂದರ್ರಿ. ಅವ್ರು ಉಣ್ಣಾಕತ್ತಾರಿಲ್ರಿ?"

ಇವನು ಉಣ್ಣುತ್ತಿದ್ದಾನೋ ಎಂದು ನೋಡಲು ಹೋದರೆ ಅವನೇ ನನ್ನನ್ನು ಕೇಳುತ್ತಿದ್ದಾನೆ! ಅವನಿಗೆ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸ ಸಿಕ್ಕಿ ಬಹಳ ದಿನವಾಗಿತ್ತು. ಆಟದ ಚಿನ್ನ ಮಾರುವುದನ್ನು ಆಗಲೇ ಬಿಟ್ಟಿದ್ದನಂತೆ. ಆರಿಸಿಕೊಂಡದ್ದೆಲ್ಲ ಆಟದ ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿದೆಯಂತೆ.

"ಹಾಗಾದ್ರೆ ಭಾವ ಬೇಕಂತಲೇ ಚೆಲ್ತಿದ್ರು ಅನ್ನೋದು..."

"ಮೊದಲ್ನೇ ದಿನಾನೇ ಗೊತ್ತಾತ್ರಿ. ರಾಕ್ಷಸ ಸತ್ತ ಜಾಗದಾಗ ಚಪ್ಪಲಿ ಬಿದ್ದಿದ್ವು. ರಾಕ್ಷಸ ಚಪ್ಪಲಿ ಮೆಟ್ಟತಾನೇನ್ರಿ? ಟೀ ಹೊತ್ತಿಗೆ ಸರಿಯಾಗಿ ಕತ್ತಿ ಕೆಳಗಿಡಾವ್ರು ಸಾಹೇಬ್ರನ್ನ ಬಿಟ್ರ ಮತ್ಯಾರದಾರ್ರಿ?"

ನಾನು ನಗಲು ಹೋದೆ, ನಗು ಬರಲಿಲ್ಲ. "ಕೆಲಸ ಸಿಕ್ಕಿದೆ ಅಂತ ಅವರಿಗೆ ಒಂದು ಮಾತು ಹೇಳಬಾರದಿತ್ತೇನಪ್ಪಾ?"

ಅವನು ಬೆರಳಿಲ್ಲದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡ. "ಹೇಳಿದ್ರ ನಾಳೆ ಮುಂಜಾನೆ ಎದ್ದು ಅವ್ರು ಏನ್ ಮಾಡ್ಬೇಕ್ರಿ? ಕಂಪನಿ ಇಲ್ಲ. ಓಟಿ ನಿಲ್ಲು ಅಂದ ಮಾತು ಅವ್ರ ಎದಿಯಾಗ ಕುಂತೈತಿ. ದಿನಾ ಇಷ್ಟಿಷ್ಟ ಚೆಲ್ಲಾಕತ್ತಾರ. ನಾ ಆರಿಸ್ಕೊಳ್ಳಾಕತ್ತೀನಿ. ನನಗ ಅವ್ರ ಮ್ಯಾಲ ಸಿಟ್ಟಿಲ್ಲ ಅಂತ ಬಾಯಿಲೆ ಹೇಳಿದ್ರ ನಂಬ್ತಾರೇನ್ರಿ ಅವ್ರು?"

ನನ್ನ ಕಣ್ಣಲ್ಲಿ ನೀರು ಬಂತು. ಅವನು ಎದ್ದು ಸ್ಟೋವ್ ಹಚ್ಚಿ ಟೀಗೆ ನೀರಿಟ್ಟ. ಟೀ ಕುಡಿಯುತ್ತ ಇಬ್ಬರೂ ಕೂತು ಒಂದು ಸಂಚು ಮಾಡಿದೆವು.

ಭಾನುವಾರ ಲಗ್ಗೆರೆಗೆ ಹೋಗಿ ಗಂಭೀರವಾಗಿ ಹೇಳಿದೆ. "ಗದಗು ಅವರ ಸ್ಥಿತಿ ಏನೂ ಚೆನ್ನಾಗಿಲ್ಲ ಭಾವ. ಆಟದ ಸಂತೆಯಲ್ಲಿ ಏನೋ ಅಂಗಡಿ ಇಟ್ಟಿದ್ದಾರಂತೆ. ಒಬ್ಬರೂ ಆ ಕಡೆ ತಿರುಗಿ ನೋಡ್ತಿಲ್ಲವಂತೆ." ಸುಳ್ಳು ಹೇಳಿದ್ದಕ್ಕೆ ದೇವರು ನನ್ನನ್ನು ಕ್ಷಮಿಸಲಿ!

ಭಾವ ಓಡಿ ಹೋಗಿ ಮೊಬೈಲ್ ತಂದರು, ಒರೆಸುವುದನ್ನೂ ಮರೆತರು. ಸಂತೆಯ ಮೂಲೆಯಲ್ಲಿ ಗದಗಿನ ಅಂಗಡಿ ಇತ್ತು. ಅಂಗಡಿಯಲ್ಲಿ ಒಂದೇ ಒಂದು ಸಾಮಾನು: ಕೊಳೆತ ಮೀನು. ಆ ಆಟದಲ್ಲಿ ಭಿಕ್ಷುಕನೂ ಮುಟ್ಟದ ವಸ್ತುವಂತೆ. ಅದಕ್ಕೆ ಅವನು ಹಾಕಿದ್ದ ಬೆಲೆಯಲ್ಲಿ ಒಂದು ಕೋಟೆಯನ್ನೇ ಕೊಳ್ಳಬಹುದಿತ್ತು. ಭಾವ ಒಂದು ಕ್ಷಣ ತೆರೆಯನ್ನೇ ನೋಡಿದರು. ಆಮೇಲೆ ಚೀಲದಲ್ಲಿದ್ದ ಚಿನ್ನವನ್ನೆಲ್ಲ ಸುರಿದು ಮೀನು ಕೊಂಡರು.

"ಏನ್ರೀ ಅದು, ಮೀನಾ?" ಅಕ್ಕ ಸೌಟು ಹಿಡಿದು ಬಂದಳು. "ಇದು ಲಿಂಗಪೂಜೆ ಆಗೋ ಮನೆ ಕಣ್ರೀ! ಅದೂ ಕೊಳೆತಿದ್ದು ಬೇರೆ!"

"ಮೋಸ ಹೋದೆ ಕಣೇ!" ಭಾವ ಕೂಗಿದರು. "ಪೂರ್ತಿ ಬೋಳಿಸಿಬಿಟ್ಟ ಕಣೇ ಬಡ್ಡೀಮಗ!" ಹೇಳುತ್ತ ಹೇಳುತ್ತ ನಗತೊಡಗಿದರು. ಕಾರ್ಖಾನೆ ಮುಚ್ಚಿದ ಮೇಲೆ ಆ ಮನುಷ್ಯ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಗುತ್ತಲೇ ಅವರ ದನಿ ಒಡೆಯಿತು. ಮುಖಕ್ಕೆ ನೀಲಿ ಅಂಗಿಯ ತೋಳು ಅಡ್ಡ ಹಿಡಿದುಕೊಂಡರು. ಅಕ್ಕ ಸೌಟು ಕೆಳಗಿಟ್ಟು ಅವರ ಬೆನ್ನು ಸವರಿದಳು.

ಅಷ್ಟರಲ್ಲಿ ಮೊಬೈಲು ಸಣ್ಣಗೆ ಸದ್ದು ಮಾಡಿತು. ಗದಗು ತನ್ನ ಅಂಗಡಿಯಲ್ಲಿ ಇನ್ನೊಂದು ಮೀನು ಇಟ್ಟಿದ್ದ.