ನಾನೇ ಮಾಡಿದ ಅಪ್‌ಗ್ರೇಡ್

ಕುಶಾಲನಗರದ ನಮ್ಮ ಬಡಾವಣೆಯಲ್ಲಿ, ಅಂಗಡಿಯವರನ್ನು ಕರೆಸದೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನು ಸ್ವಹಸ್ತದಿಂದ ಅಪ್‌ಗ್ರೇಡ್ ಮಾಡಿದ ಪ್ರಥಮ ಗೃಹಿಣಿ ನಾನು. ಇದನ್ನು ಇಂದಿಗೂ ಯಾರೂ ಅಲ್ಲಗಳೆದಿಲ್ಲ. ಆಮೇಲೆ ಏನಾಯಿತು ಅನ್ನುವುದನ್ನೇ ಎಲ್ಲರೂ ಕೇಳುತ್ತಾರೆ, ಅಷ್ಟೆ.

ನಾನು ಮನೆಯಲ್ಲೇ ಪ್ಯಾಷನ್ ಫ್ರೂಟ್ ಸ್ಕ್ವಾಷ್ ಮಾಡಿ ಮಾರುತ್ತೇನೆ. ಬಾಟಲಿಯ ಲೇಬಲ್ಲನ್ನೂ ಹಳೇ ಕಂಪ್ಯೂಟರಿನಲ್ಲಿ ನಾನೇ ಬಿಡಿಸಿದ್ದೆ. ಭಾನುವಾರ ಮೂರ್ನಾಡಿನ ಮಹಿಳೆಯರ ಮೇಳದಲ್ಲಿ ನನಗೊಂದು ಮಳಿಗೆ ಸಿಕ್ಕಿತ್ತು. ಶನಿವಾರ ಬೆಳಿಗ್ಗೆ ಲೇಬಲ್ ಪ್ರಿಂಟ್ ಮಾಡೋಣವೆಂದು ಕೂತರೆ, ‘ಈ ಹಳೇ ವರ್ಷನ್ನಿಗೆ ಇನ್ನು ರಕ್ಷಣೆಯಿಲ್ಲ, ಹೊಸದಕ್ಕೆ ಬನ್ನಿ’ ಎಂದು ಪರದೆ ಎಚ್ಚರಿಸಿತು.

“ಮೇಳ ಮುಗೀಲಿ, ಅಂಗಡಿಯವರನ್ನ ಕರೆಸೋಣ,” ಅಂದರು ನಮ್ಮ ಯಜಮಾನರು, ಮಹೇಶ.

“ಯಾಕ್ರೀ? ನಾನು ಎಲ್ಲಾ ಓದ್ಕೊಂಡಿದ್ದೀನಿ. ಬ್ಯಾಕಪ್ ತಗೋಬೇಕು, ಮಧ್ಯದಲ್ಲಿ ಕರೆಂಟ್ ಹೋಗಬಾರದು. ಮುಗೀತು.”

ಡೆಸ್ಕ್‌ಟಾಪಿನ ಮೇಲಿದ್ದ ಐಕಾನುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಕಪ್ ಮುಗಿಯಿತು. ನನ್ನ ಕೈಚಳಕಕ್ಕೆ ನಾನೇ ಬೆರಗಾದೆ. ‘ಹಳೇ ಫೈಲುಗಳನ್ನು ಇಟ್ಟುಕೊಳ್ಳಲೇ, ಎಲ್ಲ ತೆಗೆದುಬಿಡಲೇ?’ ಎಂದು ಕಂಪ್ಯೂಟರ್ ಕೇಳಿತು. ಮನೆಗೆ ಸುಣ್ಣ ಹೊಡೆಸುವಾಗ ಹಳೇ ಸಾಮಾನು ಒಳಗಿಟ್ಟುಕೊಂಡು ಹೊಡೆಸುತ್ತಾರೆಯೇ? ಎಲ್ಲ ತೆಗೆಯಲು ಅಪ್ಪಣೆ ಕೊಟ್ಟೆ.

ಇನ್ನು ಕರೆಂಟು. ಗೀಸರ್, ಮಿಕ್ಸಿ ಒಟ್ಟಿಗೆ ಹಾಕಿದರೆ ನಮ್ಮ ಮನೆಯ ಫ್ಯೂಸ್ ಹೋಗುತ್ತದೆ. ಆದ್ದರಿಂದ ಕಂಪ್ಯೂಟರ್ ಒಂದನ್ನು ಬಿಟ್ಟು ಸಕಲ ಸ್ವಿಚ್ಚುಗಳನ್ನೂ ಆರಿಸಿದೆ. ಬಚ್ಚಲಿನಿಂದ ಯಜಮಾನರ ಕೂಗು ಕೇಳಿತು.

“ಏನೇ ಇದು, ನೀರು ತಣ್ಣಗಾಯ್ತಲ್ಲ?”

“ಅರ್ಧ ಆಗಿದೆ, ಸ್ವಲ್ಪ ತಡ್ಕೊಳ್ಳಿ.”

“ನಂದೂ ಅರ್ಧ ಆಗಿದೆ. ಮೈತುಂಬ ಸೋಪು.”

ಇತಿಹಾಸ ನಿರ್ಮಾಣವಾಗುವಾಗ ಯಾರಾದರೂ ಸ್ವಲ್ಪ ನಡುಗಲೇಬೇಕು. ಅವರು ನಡುಗಿದರು.

ಅಪ್‌ಗ್ರೇಡ್ ನಿರ್ವಿಘ್ನವಾಗಿ ಮುಗಿಯಿತು. ನೀಲಿ ಪರದೆ, ದುಂಡು ಮೂಲೆಗಳು, ಹೊಸ ಮದುವೆಮನೆಯಂಥ ಕಳೆ. ಪಕ್ಕದ ಮನೆಯ ಕಾವೇರಕ್ಕನನ್ನು ಕೂಗಿ ಕರೆದೆ. ಕಾಫಿ ಕೊಟ್ಟು, ಅವರ ಎದುರಿಗೇ ಗತ್ತಿನಿಂದ ಪೆನ್‌ಡ್ರೈವ್ ಚುಚ್ಚಿದೆ. ಎಲ್ಲ ಐಕಾನುಗಳೂ ಬಂದವು. ಒಂದೊಂದರ ಕಾಲಬುಡದಲ್ಲೂ ಪುಟ್ಟ ಬಾಣದ ಗುರುತು. ಲೇಬಲ್ಲಿನ ಮೇಲೆ ಒತ್ತಿದೆ. ಫೈಲ್ ಸಿಗುತ್ತಿಲ್ಲ ಎಂದಿತು. ಇನ್ನೊಂದನ್ನು ಒತ್ತಿದೆ. ಅದೂ ಇಲ್ಲ.

ನಾನು ಜೋಪಾನ ಮಾಡಿದ್ದು ಫೈಲುಗಳನ್ನಲ್ಲ, ಫೈಲು ಎಲ್ಲಿದೆಯೆಂದು ಕೈತೋರಿಸುವ ಶಾರ್ಟ್‌ಕಟ್‌ಗಳನ್ನು. ಅವು ಪಾಪ, ಈಗಲೂ ನಿಷ್ಠೆಯಿಂದ ಕೈತೋರಿಸುತ್ತಿದ್ದವು. ತೋರಿಸಿದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ.

“ಬಾಣ ಎಲ್ಲಾ ಚೆನ್ನಾಗಿ ಉಳ್ಕೊಂಡಿದೆ ಮಾರಾಯ್ತಿ,” ಕಾವೇರಕ್ಕ ಸಮಾಧಾನ ಹೇಳಿದರು.

ನನಗೆ ಅಳು ಬಂತು. ತಿಂಗಳುಗಟ್ಟಲೆ ಕೂತು ಬಿಡಿಸಿದ ಲೇಬಲ್ಲು. ಬೆಳಗಾದರೆ ಮೇಳ. ಯಜಮಾನರು ತಲೆ ಒರೆಸಿಕೊಳ್ಳುತ್ತಾ ಬಂದವರು ನನ್ನ ಮುಖ ನೋಡಿ ಬೈಯಲಿಲ್ಲ. ಫೋನ್ ತೆಗೆದು ಒಂದು ಫೋಟೊ ತೋರಿಸಿದರು. ಹೆಂಡತಿ ಬಿಡಿಸಿದ್ದು ಅಂತ ಆಫೀಸಿನವರಿಗೆಲ್ಲ ತೋರಿಸಲು, ಹಿಂದೆ ಪ್ರಿಂಟ್ ಮಾಡಿದ್ದ ಲೇಬಲ್ಲನ್ನು ಕೈಯಲ್ಲಿ ಹಿಡಿದು ತೆಗೆದಿದ್ದರಂತೆ.

“ನನಗೆ ಹೇಳೇ ಇಲ್ಲ?”

“ಹೇಳಿದ್ರೆ ನಿನ್ನ ಹಿಡಿಯೋರ್ಯಾರು?”

ಒಂದೇ ತೊಡಕು. ಮೂಲೆಯಲ್ಲಿ ಅವರ ಹೆಬ್ಬೆಟ್ಟು ದಪ್ಪಗೆ ಕೂತಿತ್ತು. ಅದನ್ನು ಕತ್ತರಿಸಿದರೆ ಹಣ್ಣಿನ ಚಿತ್ರವೂ ಹೋಗುತ್ತಿತ್ತು. ಹಾಗೇ ಪ್ರಿಂಟ್ ಮಾಡಿ ಅಂಟಿಸಿದೆವು.

ಮೇಳದಲ್ಲಿ ಒಬ್ಬ ಹೆಂಗಸು ಬಾಟಲಿ ತಿರುಗಿಸಿ ನೋಡಿದರು. “ಇದೇನು, ಶುಂಠಿನೂ ಹಾಕಿದ್ದೀರಾ?”

“ಹೆಬ್ಬೆಟ್ಟಿನ ಗುರುತು ಮೇಡಂ. ನಕಲಿ ಮಾಲು ಬರಬಾರದು ಅಂತ,” ಅಂದೆ, ಮುಖದ ಒಂದು ಗೆರೆಯೂ ಅಲುಗದಂತೆ.

ಆಕೆ ತಲೆದೂಗಿ ಎರಡು ಬಾಟಲಿ ತಗೊಂಡರು. ಮಧ್ಯಾಹ್ನದೊಳಗೆ ಮಳಿಗೆ ಖಾಲಿ. ಹೆಮ್ಮೆ ತಡೆಯಲಾಗದೆ, ಲೇಬಲ್ಲೂ ನನ್ನದೇ, ಕಂಪ್ಯೂಟರ್ ಅಪ್‌ಗ್ರೇಡ್ ಮಾಡಿದ್ದೂ ನಾನೇ ಎಂದು ಪಕ್ಕದ ಮಳಿಗೆಯ ಅಮ್ಮನಿಗೆ ಹೇಳಿದೆ.

“ಹೌದಾ? ನಮ್ಮನೇದೂ ದಿನಾ ಕೇಳ್ತಿದೆ. ಬಂದು ಮಾಡಿಕೊಡ್ತೀರಾ?”

ನಾನು ಬಾಯಿ ತೆರೆಯುವ ಮೊದಲೇ, ಹಿಂದೆ ಖಾಲಿ ಪೆಟ್ಟಿಗೆ ಕಟ್ಟುತ್ತಿದ್ದ ಯಜಮಾನರು ಹೇಳಿದರು: “ಖಂಡಿತ ಬರ್ತಾಳೆ. ನೀವು ಮೊದಲು ಮನೇಲಿರೋದೆಲ್ಲದರ ಒಂದೊಂದು ಫೋಟೊ ತೆಗೆದಿಟ್ಕೊಳ್ಳಿ.”