ವಲ್ಲೆ ಅಂದವರು ಪಾಸು

ಮೊದಲೇ ಎಚ್ಚರಿಸಿಬಿಡುತ್ತೇನೆ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಗಂಡಸರ ವಾಚು ಕಟ್ಟಿದ ಎತ್ತರದ ಹೆಂಗಸೊಬ್ಬರು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಶೇಂಗಾ ಉಂಡಿ ತಗೋರಿ ಎಂದರೆ ದಯವಿಟ್ಟು ತಿನ್ನಬೇಡಿ. ವಿಷವೇನೂ ಇಲ್ಲ. ಹದವಾಗಿ ಹುರಿದ ಶೇಂಗಾ, ಬೆಲ್ಲ, ಏಲಕ್ಕಿ. ಶಹಾಬಾದಿನಿಂದ ಚಿಂಚೋಳಿಯ ತನಕ ಅಂಥ ಉಂಡಿ ಕಟ್ಟುವ ಕೈ ಇನ್ನೊಂದಿಲ್ಲ. ಆದರೆ ಅದು ತಿಂಡಿಯಲ್ಲ, ಪ್ರಶ್ನೆಪತ್ರಿಕೆ! ತಿಂದವರು ಫೇಲು, ಬಿಟ್ಟವರು ಪಾಸು. ನಾನಂತೂ ಪರಿಚಯವಾದ ದಿನದಿಂದ ಫೇಲಾಗುತ್ತಲೇ ಬಂದಿದ್ದೇನೆ. ತೂಕದ ಯಂತ್ರ ಹತ್ತಿದರೆ ನನ್ನ ಅಂಕಗಳು ಕಾಣುತ್ತವೆ.

ಅವರು ರಿಟೈರಾದ ಹೈಸ್ಕೂಲು ವಿಜ್ಞಾನ ಟೀಚರು. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತದೆ, ನಾನೂ ಹಾಗೇ. ಅವರು ನನ್ನನ್ನು ಕರೆಯುವುದು 'ಪೋರಿ' ಎಂದು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟು ಬೆಳ್ಳಗಾಗಿ ಕೂತಿರುವ ನನ್ನನ್ನು ಈ ಭೂಮಿಯ ಮೇಲೆ ಪೋರಿ ಎನ್ನುವವರು ಅವರೊಬ್ಬರೇ. ಆದ್ದರಿಂದ ತಕರಾರು ಮಾಡಿಲ್ಲ.

ಇಬ್ಬರದೂ ಒಂದೇ ಕೆಲಸ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಕೆಲವು ಹೈಸ್ಕೂಲುಗಳಲ್ಲಿ ಶನಿವಾರ ಒಂದು ತಾಸು ವಿಶೇಷ ಪಾಠ ನಡೆಯುತ್ತದೆ. ಪಾಟೀಚೀಲ ಹೊರುವ ವಯಸ್ಸಿನಲ್ಲಿ ಹುಡುಗಿಯರು ಬಸಿರು ಹೊರಬಾರದು. ಅದಕ್ಕೆ ಬೇಕಾದ ಮೈಯ ತಿಳಿವಳಿಕೆ, ಕಾನೂನಿನ ತಿಳಿವಳಿಕೆ, ಒಂದಿಷ್ಟು ಧೈರ್ಯ, ಇವು ಆ ಪಾಠದ ವಿಷಯ. ಪಾಠ ಹೇಳುವವರು ಬೇರೆ. ಅದು ತಲೆಗೆ ಹತ್ತಿದೆಯೋ ಇಲ್ಲವೋ ನೋಡಿ ವರದಿ ಬರೆಯುವವರು ನಾವು. ಹುಟ್ಟಾ ಚಿಂತೆಗಾರ್ತಿಯಾದ ನನಗೆ ಈ ಕೆಲಸ ಹೇಗೆ ಅಂಟಿಕೊಂಡಿತು ಎನ್ನುತ್ತೀರಾ? ಮಾಡುತ್ತೀರಾ ಎಂದು ಕೇಳಿದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಒಮ್ಮೆ ಚಿಂಚೋಳಿಗೆ ಹೊರಟವಳು ಚಿತ್ತಾಪುರದ ಬಸ್ಸಿನಲ್ಲಿ ಕೂತದ್ದೂ ಹೀಗೆಯೇ. ಕಂಡಕ್ಟರು ಅಷ್ಟು ಪ್ರೀತಿಯಿಂದ ಹತ್ರಿ ಹತ್ರಿ ಎನ್ನುವಾಗ ಹತ್ತದಿರುವುದು ಹೇಗೆ!

ಶಾಲೆಗಳಿಗೆ ಹೋದರೆ ನಮ್ಮ ಕೆಲಸದ ಹೆಸರು ಹೇಳಲು ಯಾರಿಗೂ ನಾಲಿಗೆ ಹೊರಳುವುದಿಲ್ಲ. 'ಆ ವಿಷಯದವರು ಬಂದಾರ' ಎಂದು ಜವಾನ ಒಳಗೆ ಸುದ್ದಿ ಮುಟ್ಟಿಸುತ್ತಾನೆ. ಒಂದು ಶಾಲೆಯಲ್ಲಿ ಗರ್ಭಕೋಶದ ಚಾರ್ಟನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದರು. ಪಾಠ ಮುಗಿಯುವತನಕ ಅದು ಗೋಡೆಯನ್ನೇ ನೋಡುತ್ತಿತ್ತಂತೆ. ಅಕ್ಕೋರು ಸೊಂಟದ ಮೇಲೆ ಕೈಯಿಟ್ಟು ಅದನ್ನು ಒಂದು ಕ್ಷಣ ನೋಡಿದರು.

"ಗ್ವಾಡಿ ಏನ್ ಬಸುರಾಗಂಗಿಲ್ರಿ ಸರ. ಈ ಕಡಿ ತಿರುಗಸ್ರಿ."

ಹೆಡ್‌ಮಾಸ್ತರು ಚಾರ್ಟು ತಿರುಗಿಸಿ, ಗಂಟೆ ಬಾರಿಸಿದ್ದಾರೆಯೇ ನೋಡಲು ಮೈದಾನಕ್ಕೆ ಹೋದವರು ನಾವು ಹೊರಡುವತನಕ ಬರಲಿಲ್ಲ.

ನಮ್ಮ ಪ್ರಶ್ನಾವಳಿ ದೂರದ ದೊಡ್ಡ ಆಫೀಸಿನಲ್ಲಿ ತಯಾರಾದದ್ದು. ಅದರಲ್ಲೊಂದು ಪ್ರಶ್ನೆ: 'ತಮಗೆ ಸಮ್ಮತವಲ್ಲದ್ದನ್ನು ನಿರಾಕರಿಸುವ ಸಾಮರ್ಥ್ಯ ತಮ್ಮಲ್ಲಿದೆಯೇ?' ಹುಡುಗಿಯೊಬ್ಬಳು ಎದ್ದು ನಿರಾಕರಿಸೋದು ಅಂದರೇನು ಎಂದು ಕೇಳಿದಳು. ಅವರ ಟೀಚರು, ಅದೆಲ್ಲ ನಿನಗ್ಯಾಕ, ಹೌದು ಅಂತ ಬರಿ ಎಂದರು. ತಲೆ ಬಗ್ಗಿಸಿ ಇಡೀ ತರಗತಿ 'ಹೌದು' ಎಂದು ಬರೆಯಿತು. ಇಲ್ಲ ಎನ್ನಲು ಬರುತ್ತದೆಯೇ ಎಂದರೆ ಒಬ್ಬಳೂ ಇಲ್ಲ ಎನ್ನಲಿಲ್ಲ! ಎಲ್ಲರಿಗೂ ಪೂರ್ತಿ ಅಂಕ. ನಾನು ಹಿಗ್ಗಿದೆ. ಅಕ್ಕೋರು ಆ ಉತ್ತರಪತ್ರಿಕೆಗಳ ಕಟ್ಟಿನಿಂದ ಗಾಳಿ ಬೀಸಿಕೊಂಡರು.

ಅಂಕಗಳ ಮೇಲೆ ಅವರಿಗೆ ನಂಬಿಕೆ ಹೋದದ್ದು ಶಹಾಬಾದ್ ಬಸ್‌ಸ್ಟ್ಯಾಂಡಿನಲ್ಲಿ. ಇನ್ನೂ ಮುಖದ ಎಳಸು ಹೋಗದ ಹುಡುಗಿಯೊಬ್ಬಳು, ಕಂಕುಳಲ್ಲಿ ಕೂಸು, ಓಡಿ ಬಂದು ಕಾಲು ಮುಟ್ಟಿದಳಂತೆ. ಅಕ್ಕೋರೆ, ಆ ಸಂತಾನದ ಪಾಠ ನೀವು ಭಾಳ ಚಲೋ ಹೇಳಿದ್ರಿ, ಅದರಾಗ ನನಗ ಫುಲ್ ಮಾರ್ಕ್ಸ್ ಬಿದ್ದಿತ್ತು ಎಂದಳಂತೆ. ಅಕ್ಕೋರು ಕೂಸಿನ ಕೆನ್ನೆ ಸವರಿ ಬಸ್ಸು ಹತ್ತಿದರು. ಆ ಬಸ್ಸಿನಲ್ಲೇ ಉಂಡಿ ಪರೀಕ್ಷೆ ಹುಟ್ಟಿತು.

ಅವರ ಸಿದ್ಧಾಂತ ಹೀಗಿದೆ. 'ಬ್ಯಾಡ' ಎನ್ನುವುದು ಬೀದಿಯಲ್ಲಿ ಹೋಗುವವರೆಲ್ಲ ಹೇಳಬಹುದಾದ ಮಾತು: ಬಿಸಿಲಾಗ ಹೋಗಬ್ಯಾಡ, ಹಸಿ ಮಾವು ತಿನಬ್ಯಾಡ. 'ವಲ್ಲೆ' ಮಾತ್ರ 'ನಾನು' ಇಲ್ಲದೆ ಹುಟ್ಟುವುದಿಲ್ಲ. ಪುಸ್ತಕದಲ್ಲಿ ಅದು ಒಲ್ಲೆ; ನಮ್ಮ ಬಾಯಲ್ಲಿ ವಲ್ಲೆ. ಆ ಒಂದು ಶಬ್ದ ಬಾಯಲ್ಲಿ ಬಂದರೆ ಪಾಠ ನಾಟಿದೆ ಎಂದು ಲೆಕ್ಕ. ಪ್ರಶ್ನಾವಳಿ ಮುಗಿದ ಮೇಲೆ ಡಬ್ಬಿ ತೆರೆಯುತ್ತಾರೆ. ಮೊದಲ ಉಂಡಿ ಪ್ರೀತಿಗೆ. ಪರೀಕ್ಷೆ ಎರಡನೆಯದರಿಂದ ಶುರು. ಎಲ್ಲಾರೂ ತಿಂದಾರ, ನಿನಗೇನ್ ದಾಡಿ? ದೊಡ್ಡವರು ಕೊಟ್ಟದ್ದಕ್ಕ ಎದುರಾಡ್ತಾರೇನು? ನಿನ್ನ ಸಲುವಾಗೇ ಮಾಡಿದ್ದು. ಇದೊಂದು ನುಂಗಿಬಿಡು, ಆಮ್ಯಾಲ ಏನೂ ಕೇಳಂಗಿಲ್ಲ.

ಈ ವಾಕ್ಯಗಳನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಬಹಳ ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ನನ್ನದೇ ಮದುವೆಯ ಮಾತುಕತೆ! ಉಂಡಿಯ ಜಾಗದಲ್ಲಿ ಒಬ್ಬ ಗುಮಾಸ್ತರು. ನುಂಗಿದೆ.

ಚಿಂಚೋಳಿ ಕಡೆ ತೆಲುಗು ಬೆರೆತ ಒಂದು ಊರಿನಲ್ಲಿ, ಎರಡನೆಯ ಉಂಡಿ ನೀಡಿದ ಕೂಡಲೇ ಹುಡುಗಿ 'ವದ್ದು ರೀ' ಎಂದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಯಾರನ್ನು ಒದ್ದು? ಯಾಕೆ ಒದ್ದು? ತೆಲುಗಿನಲ್ಲಿ ಅದು ಬೇಡ ಎನ್ನುವ ಮಾತೆಂದು ಅಕ್ಕೋರು ತಿಳಿಸಿದರು. ಇದಕ್ಕೆ ಅಂಕ ಕೊಡುವುದೋ ಬಿಡುವುದೋ ಎಂದು ನಾನು ನಿಯಮಗಳ ಬಗ್ಗೆ ಚಿಂತಿಸುತ್ತಿದ್ದರೆ, ಅವರು ಆಗಲೇ ಹುಡುಗಿಯ ಬೆನ್ನು ಚಪ್ಪರಿಸುತ್ತಿದ್ದರು. ಯಾವ ಅರ್ಥದಲ್ಲಿ ತಗೊಂಡರೂ ಪಾಸು ಎಂಬುದು ಅವರ ತೀರ್ಪು.

ಅಕ್ಕೋರು ಮದುವೆಯಾದವರಲ್ಲ. ಯಾಕೆ ಎಂದು ಒಮ್ಮೆ ಬಾಯಿ ತಪ್ಪಿ ಕೇಳಿದ್ದೆ. ಕೇಳಿದ್ರು, ವಲ್ಲೆ ಅಂದೆ ಎಂದರು, ರೈಲಿನ ಟೈಮು ಹೇಳುವವರ ಹಾಗೆ. ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ ಅವರ ಬಾಡಿಗೆ ಮನೆ. ಪ್ಲಾಟ್‌ಫಾರಮ್ಮಿನಿಂದ ಅದರ ಫರ್ಸಿಕಲ್ಲಿನ ಕಟ್ಟೆ ಕಾಣುತ್ತದೆ. ಕಲಬುರಗಿಯಿಂದ ಬಂದು ನಾನು ಅಲ್ಲಿ ರೈಲು ಬದಲಿಸಬೇಕು. ಎಷ್ಟೋ ಸಲ ಗಾಡಿ ತಡವಾಗಿ ಇಬ್ಬರೂ ಸಿಮೆಂಟಿನ ಬೆಂಚಿನ ಮೇಲೆ ಕೂತು ಕಣ್ಣಿಗೆ ಕಾಣುವ ಆ ಕಟ್ಟೆಯನ್ನೇ ನೋಡಿದ್ದೇವೆ. ಒಮ್ಮೆಯೂ ಮನೆಗೆ ಬಾ ಎಂದಿಲ್ಲ. ಚಿಂತೆಗಾರ್ತಿ ನಾನು, ನನ್ನಲ್ಲೇ ಏನೋ ಕೊರತೆ ಇರಬೇಕೆಂದು ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಇಷ್ಟರಲ್ಲಿ ಆ ಹುಡುಗಿ ಸಿಕ್ಕಳು. ಸೇಡಂನಿಂದ ಟಂಟಂ ಆಟೋದಲ್ಲಿ ಹೋಗಬೇಕಾದ ಒಂದು ಹಳ್ಳಿಯ ಶಾಲೆ. ಒಂಬತ್ತನೆಯ ತರಗತಿ, ಎರಡು ಜಡೆ, ಮುತ್ತಿನಂಥ ಅಕ್ಷರ. ಬರೆದ ಉತ್ತರಗಳಲ್ಲಿ ಒಂದು ತಪ್ಪಿಲ್ಲ. ಅಕ್ಕೋರು ಉಂಡಿ ನೀಡಿದರು, ತಿಂದಳು. ಇನ್ನೊಂದು ನೀಡಿದರು, ತಿಂದಳು. ಆಮೇಲೆ ನೀಡಿದ್ದನ್ನೂ, ಅದರ ಆಮೇಲಿನದನ್ನೂ, ಗಂಟಲು ಉಬ್ಬಿಸಿ, ಕಣ್ಣಲ್ಲಿ ನೀರು ತಂದುಕೊಂಡು ನುಂಗಿದಳು. ಕೊನೆಗೆ ಅಕ್ಕೋರ ಕೈಯೇ ನಿಂತುಹೋಯಿತು. ಅವರ ಕೈ ನಿಂತದ್ದು ನಾನು ಕಂಡದ್ದು ಅದೇ ಮೊದಲು.

ತೊಗರಿ ರಾಶಿ ಮುಗಿದ ಕೂಡಲೇ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದು ಹೆಡ್‌ಮಾಸ್ತರು ದನಿ ತಗ್ಗಿಸಿ ಹೇಳಿದರು. ಪಾಪ, ಅವರೇ ಮನೆಗೆ ಹೋಗಿ ಹದಿನೆಂಟರ ಕಾನೂನು ಹೇಳಿ ಬಂದಿದ್ದರು. ಈಗ ಬರೀ ನಿಶ್ಚಯ, ಲಗ್ನ ಆಮ್ಯಾಲ ಎಂದಿದ್ದನಂತೆ ಅಪ್ಪ. ಹೀಗೆ ಆಮ್ಯಾಲ ಎಂದವರ ಮನೆಯಲ್ಲಿ ಮರುವರ್ಷವೇ, ಬಸುರಿಗೆ ಮಾಡುವ ಕುಬಸದ ಊಟ ಉಂಡವರು ಅಕ್ಕೋರು. ಆ ಮನೆಯ ಹುಡುಗಿಯ ಕೈಗೆ ಹಸಿರು ಬಳೆ, ಶಾಲೆಯ ಹಾಜರಿಯಲ್ಲಿ ಉದ್ದ ಗೆರೆ.

ಅಲ್ಲಿಂದ ಅಕ್ಕೋರು ಶನಿವಾರ ಬಂತೆಂದರೆ ಡಬ್ಬಿ ಹಿಡಿದು ಅದೇ ಶಾಲೆಗೆ ಹೊರಟರು. ಅಳೆಯಲು ಹೋದವರು ಕಲಿಸಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ದೊಡ್ಡ ಆಫೀಸಿಗೆ ಗೊತ್ತಾದರೆ? ಆ ಶಾಲೆಯ ಲೆಕ್ಕವೇ ಕೆಟ್ಟಿತಲ್ಲ? ಎಂದೆ. ಕೆಟ್ಟರ ಕೆಡಲಿ ಬಿಡು ಎಂದರು ಅಕ್ಕೋರು. ನಾನೂ ಜೊತೆಗೆ ಹೋದೆ. ಬಾ ಎಂದರಲ್ಲ!

ಮೊದಲ ವಾರ ಹುಡುಗಿ 'ಸಾಕ್ರಿ' ಎನ್ನುತ್ತಲೇ ತಿಂದಳು. ಮುಂದಿನ ವಾರ 'ಹೊಟ್ಟಿ ನೂಸ್ತದ್ರಿ' ಎಂದಳು. ಅಕ್ಕೋರು ಮುಚ್ಚಳ ಹಾಕಲಿಲ್ಲ.

"ಹೊಟ್ಟಿ ನೆಟ್ಟಗಿದ್ದರ ತಿಂತಿದ್ದಿ ಅಂದಂಗಾತಲ್ಲ. ಹೊಟ್ಟಿ ಮ್ಯಾಲ ಯಾಕ ಹಾಕ್ತಿ? ನಿನ್ನ ಮ್ಯಾಲ ತಗೋ."

ಕೊನೆಗೊಂದು ಶನಿವಾರ ಅವಳು ಡಬ್ಬಿಯ ಬಾಯಿಗೆ ತನ್ನ ಅಂಗೈ ಅಡ್ಡ ಇಟ್ಟು, ನೆಲಕ್ಕೆ ಕೇಳುವ ಹಾಗೆ 'ವಲ್ಲೆ ರೀ' ಎಂದಳು. ಅಕ್ಕೋರು ಕಿವಿಗೆ ಕೈ ಹಚ್ಚಿ, ಕೇಳಲಿಲ್ಲ ಎಂದರು. ಎರಡನೆಯ ಸಲದ 'ವಲ್ಲೆ' ಎಷ್ಟು ಜೋರಾಗಿತ್ತೆಂದರೆ ಪಕ್ಕದ ತರಗತಿಯ ಮಗ್ಗಿ ನಿಂತಿತು. ಅವಳಿಗೇ ಗಾಬರಿ. ಆಮೇಲೆ ಮೂವರಿಗೂ ನಗು.

ಅವತ್ತು ರೈಲಿನಲ್ಲಿ ತುಂಬಿದ ಡಬ್ಬಿ ಅಕ್ಕೋರ ತೊಡೆಯ ಮೇಲಿತ್ತು. ನೋಡಿ ಈ ಪರೀಕ್ಷೆಯ ತಮಾಷೆ: ಹುಡುಗಿಯರು ಪಾಸಾದಷ್ಟೂ ಉಂಡಿ ಮನೆಗೆ ವಾಪಸು. ಇಷ್ಟನ್ನೂ ಏನು ಮಾಡುತ್ತೀರಿ ಎಂದೆ. ತಿಂತೀನಿ, ಮತ್ತ್ಯಾರು ತಿಂತಾರ ಎಂದರು. ಇದೂ ರೈಲಿನ ಟೈಮು ಹೇಳಿದ ಹಾಗೆಯೇ. ನಮ್ಮ ವರದಿಯಲ್ಲಿ ಉಂಡಿಗೆ ಕಾಲಂ ಇಲ್ಲ. ಈ ಉತ್ತರಕ್ಕಂತೂ ಎಲ್ಲಿಯೂ ಇಲ್ಲ.

ರಾಶಿ ಮುಗಿಯಿತು. ಒಂದು ಶನಿವಾರ ಬೆಳಿಗ್ಗೆ, ನಾನು ಇನ್ನೂ ಕಲಬುರಗಿ ಸ್ಟೇಷನ್ನಿನಲ್ಲಿದ್ದಾಗ, ಹೆಡ್‌ಮಾಸ್ತರ ಫೋನು ಬಂತು. ಆ ವಾರದ ಮೊದಲಲ್ಲೇ ಗಂಡಿನ ಕಡೆಯವರು ಬಂದಿದ್ದರಂತೆ. ಹುಡುಗಿ ಚಹಾ ತಂದಿಟ್ಟಳಂತೆ. ಹಿರಿಯರೊಬ್ಬರು ಶಾಸ್ತ್ರಕ್ಕೆ ಕೇಳುತ್ತಾರಲ್ಲ, ಏನವ್ವ, ಒಪ್ಪಿಗಿ ಅದನೋ ಇಲ್ಲೋ ಎಂದು? ಆ ಪ್ರಶ್ನೆಗೆ ಹಿಂದೆ ಯಾರಾದರೂ ಉತ್ತರ ಕೊಟ್ಟದ್ದುಂಟೇ? ಇವಳು ತಲೆಯೆತ್ತಿ 'ವಲ್ಲೆ ರೀ' ಎಂದಳಂತೆ. ಕೇಳಿದವರು ಚಹಾ ಕುಡಿದು ಎದ್ದು ಹೋದರಂತೆ.

ವಾಡಿಯಲ್ಲಿ ಗಾಡಿ ನಿಲ್ಲುವ ಮೊದಲೇ ಇಳಿಯುವ ಸಾಹಸ ಮಾಡಿ, ಬೆಂಚಿನತ್ತ ಓಡಿ, ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಅಕ್ಕೋರು ಡಬ್ಬಿ ಬಾರಿಸುತ್ತಾರೆ, ನನ್ನನ್ನು ಅಪ್ಪಿಕೊಳ್ಳುತ್ತಾರೆ ಎಂದೆಲ್ಲ ನನ್ನ ಲೆಕ್ಕ. ಅವರು ಕೇಳಿದ್ದು ಇಷ್ಟೇ:

"ಈಗ ಆಕಿ ಜೋಡಿ ಮನ್ಯಾಗ ಯಾರರೆ ಮಾತಾಡ್ಲಿಕತ್ತಾರೇನು?"

ನಾನು ಕೇಳಿರಲಿಲ್ಲ. ಜಗತ್ತಿನ ಎಲ್ಲದಕ್ಕೂ ಚಿಂತಿಸುವ ನನಗೆ ಈ ಚಿಂತೆ ಹೊಳೆದಿರಲಿಲ್ಲ. ಹೆಡ್‌ಮಾಸ್ತರಿಗೆ ತಿರುಗಿ ಫೋನು ಹಚ್ಚಿದೆ. ಮನೆಯಲ್ಲಿ ಯಾರೂ ಅವಳೊಡನೆ ಮಾತಾಡುತ್ತಿಲ್ಲವಂತೆ. ಅವ್ವ ತಟ್ಟೆಗೆ ರೊಟ್ಟಿ ಹಾಕಿ ಮುಖ ತಿರುಗಿಸುತ್ತಾಳೆ. ಶಾಲೆಯಲ್ಲೂ ಗೆಳತಿಯರಿಗೆ ಅವಳ ಪಕ್ಕ ಕೂರಬೇಡಿರೆಂದು ಮನೆಯಿಂದ ಹೇಳಿ ಕಳಿಸಿದ್ದಾರೆ.

ಅಕ್ಕೋರು ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದರು, ಅದು ಮೊದಲೇ ಗಟ್ಟಿಯಾಗಿದ್ದರೂ.

"ನಾ ಒಂದು ಮಾತಿಗಷ್ಟೇ ವಲ್ಲೆ ಅಂದಿದ್ದೆ, ಪೋರಿ. ಮಂದಿ ಆಮ್ಯಾಲ ಏನೂ ಕೇಳೋದೇ ಬಿಟ್ಟರು. ಹಬ್ಬಕ್ಕ ಬರ್ತಿ ಏನು, ಊಟ ಆತೇನು, ಏನೂ ಇಲ್ಲ. ಈ ಪಾಠ ನಾ ಆಕಿಗಿ ಹೇಳಿರಲಿಲ್ಲ."

ಸೇಡಂ ಗಾಡಿ ಬಂತು. ಹತ್ತಿದೆವು.

ಹುಡುಗಿ ಶಾಲೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು, ಮಿಕ್ಕವರೆಲ್ಲ ಬೇವಿನ ಮರದ ಕೆಳಗೆ. ನಮ್ಮನ್ನು ಕಂಡು ಎದ್ದು ನಿಂತಳು. ಅಕ್ಕೋರು ಡಬ್ಬಿ ತೆರೆದ ಕೂಡಲೇ ಅಂಗೈ ಅಡ್ಡ ಇಟ್ಟು, ಗದ್ದ ಎತ್ತಿ, ಜಾಣ ವಿದ್ಯಾರ್ಥಿನಿಯ ಹಾಗೆ 'ವಲ್ಲೆ ರೀ' ಎಂದಳು. ಅಕ್ಕೋರು ಆ ಅಂಗೈಯನ್ನು ಮೆಲ್ಲಗೆ ಹಿಡಿದು ಮೇಲ್ಮುಖವಾಗಿ ತಿರುಗಿಸಿ, ಅದರಲ್ಲಿ ಒಂದು ಉಂಡಿ ಇಟ್ಟರು.

"ಪರೀಕ್ಷಾ ಮುಗೀತವ್ವ. ಇದು ಬರೇ ಉಂಡಿ. ಕುಂದ್ರು, ನಾನೂ ಕುಂದರ್ತೀನಿ."

ಒಂದು ಕಡೆ ಅಕ್ಕೋರು, ಇನ್ನೊಂದು ಕಡೆ ನಾನು, ನಡುವೆ ಅವಳು. ತಿಂದಳು. ಬಹಳ ಹೊತ್ತು ಬಿಟ್ಟು, ಡಬ್ಬಿಯನ್ನೇ ನೋಡುತ್ತ, ಇನ್ನೊಂದು ಬೇಕ್ರಿ ಎಂದಳು. ಅಕ್ಕೋರೂ ಒಂದು ತೆಗೆದುಕೊಂಡರು. ಬೇವಿನ ಮರದ ಕೆಳಗಿಂದ ಒಬ್ಬಳು ನಮ್ಮತ್ತ ನೋಡಿದಳು, ಇನ್ನೊಬ್ಬಳು ನೋಡಿದಳು. ಶೇಂಗಾ ಉಂಡಿಯ ವಾಸನೆಗೆ ಮನೆಯವರ ಅಪ್ಪಣೆ ತಿಳಿಯುವುದಿಲ್ಲವಲ್ಲ! ಗಂಟೆ ಬಾರಿಸುವ ಹೊತ್ತಿಗೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರೀಕ್ಷೆ ಮುಗಿದರೂ ಪ್ರತಿ ಶನಿವಾರ ಬರುತ್ತೇನೆ ಎಂದು ಅಕ್ಕೋರು ಅವಳಿಗೆ ಮಾತು ಕೊಟ್ಟರು. ಅವಳ ಅವ್ವನ ಮುಂದೆಯೂ ಕೂತು ಬರೋಣ, ಆಕೆಯ ಹತ್ತಿರವೂ ಯಾರೂ ಮಾತಾಡುತ್ತಿರಲಿಕ್ಕಿಲ್ಲ ಎಂದು ದಾರಿಯಲ್ಲಿ ನನಗೆ ಹೇಳಿದರು.

ವಾಪಸು ಬರುವಾಗ ಖಾಲಿ ಡಬ್ಬಿ ಗಾಡಿಯ ಕುಲುಕಾಟಕ್ಕೆ ಸದ್ದು ಮಾಡುತ್ತಿತ್ತು. ವಾಡಿ ಹತ್ತಿರ ಬಂತು. ಅಲ್ಲಿಂದ ನನಗೆ ಕಲಬುರಗಿಯ ಗಾಡಿ ಹಿಡಿಯಬೇಕು. ಗುಮಾಸ್ತರು ತೀರಿಕೊಂಡಂದಿನಿಂದ ನನ್ನ ಮನೆಯ ಬೀಗವನ್ನು ನಾನೇ ಹಾಕಿ ನಾನೇ ತೆಗೆಯುತ್ತೇನೆ. ತಡವಾದರೆ ಕೇಳುವವರಿಲ್ಲ, ಆದರೂ ತಡವಾದೀತೆಂದು ಚಿಂತಿಸುತ್ತೇನೆ. ಚೀಲ ಹೆಗಲಿಗೆ ಹಾಕಿಕೊಂಡೆ.

ಅಕ್ಕೋರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಪೋರಿ, ಮನಿಗಿ ಬರ್ತಿಯೇನು? ಎರಡು ರೊಟ್ಟಿ ಬಡೀತೀನಿ."

ಅಷ್ಟು ಶಾಲೆ ತಿರುಗಿ ಅಷ್ಟು ಹುಡುಗಿಯರಿಗೆ ಒಂದೇ ಶಬ್ದ ಕಲಿಸಿದವರ ದನಿ, ಪ್ರಶ್ನೆ ಕೇಳಲು ಹೊಸದಾಗಿ ಕಲಿಯುತ್ತಿರುವವರ ಹಾಗೆ, ಕೊನೆಯಲ್ಲಿ ಸ್ವಲ್ಪ ನಡುಗಿತು. ಯಾರು ಏನು ಕೇಳಿದರೂ ಹೂಂ ಎಂದುಬಿಡುವ ನಾನು ಅವತ್ತು ಕೂಡಲೇ ಹೂಂ ಎನ್ನಲಿಲ್ಲ. ಬೇಕೋ ಬೇಡವೋ ಎಂದು ನನ್ನನ್ನೇ ಕೇಳಿಕೊಂಡೆ. ಚೀಲ ಕೆಳಗಿಟ್ಟೆ.

"ಬರ್ತೀನ್ರಿ ಅಕ್ಕೋರೆ," ಎಂದೆ. "ರೊಟ್ಟಿ ನಾಲ್ಕು ಬಡೀರಿ."