ವಾಹನವಿಲ್ಲದ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ಅಡ್ಡಿಪಡಿಸಿದ ಬಗ್ಗೆ

ನಗರ ಸಂಚಾರ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಪೆನ್ನನ್ನೂ ಹಿಡಿದಿರುವ ಮೂರನೇ ಮಹಡಿಯ ತಾಯಿಯೊಬ್ಬಳ ನಮಸ್ಕಾರಗಳು. ಜೋಡಿಸುವುದಕ್ಕೆ ಇನ್ನೆರಡು ಕೈ ಇಲ್ಲದಿರುವುದನ್ನು ಅಗೌರವವೆಂದು ತಿಳಿಯಬಾರದೆಂದು ಕೋರುತ್ತೇನೆ. ತಮ್ಮ ನೋಟೀಸು ತಲುಪಿತು. ಕಳೆದ ಭಾನುವಾರ, ಅಂದರೆ ಮುಖ್ಯರಸ್ತೆಯಲ್ಲಿ ಒಂದೂ ಮೋಟಾರು ಓಡಕೂಡದೆಂದು ತಾವೇ ಅಪ್ಪಣೆ ಮಾಡಿದ್ದ ದಿನ, ನಾನು ವಾಹನ ಸಂಚಾರಕ್ಕೆ ಅಡ್ಡಿಪಡಿಸಿದ್ದೇನೆಂದೂ, ಏಳು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಇನ್ನು ಮುಂದಿನ ಭಾನುವಾರಗಳಲ್ಲಿ ನನ್ನ ಗಾಡಿಗೆ ಪ್ರವೇಶವಿಲ್ಲವೆಂದೂ ಬರೆದಿದ್ದೀರಿ. ಇಲ್ಲದ ಸಂಚಾರವನ್ನೇ ತಡೆಯುವಷ್ಟು ಶಕ್ತಿ ನನ್ನಲ್ಲಿದೆಯೆಂದು ಗುರುತಿಸಿದವರಲ್ಲಿ ತಾವೇ ಮೊದಲಿಗರು. ನನ್ನ ಮನೆಯವರಿಗೆ ಈ ದೃಷ್ಟಿ ಇರಲಿಲ್ಲ. ಆ ಕೃತಜ್ಞತೆಯಿಂದಲೇ ಸಮಜಾಯಿಷಿಯನ್ನು ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

'ಗಾಡಿ' ಎಂದು ತಾವು ಕರೆದಿರುವುದು ನನ್ನ ಎಂಟು ತಿಂಗಳ ಮಗಳ ತಳ್ಳುಗಾಡಿ. ನಾದಿನಿ ಪ್ರೀತಿಯಿಂದ ಕೊಟ್ಟದ್ದು. ಆ ಭಾನುವಾರಕ್ಕೆ ಮೊದಲು ಅದನ್ನು ರಸ್ತೆಗೆ ಇಳಿಸಿದ್ದು ಒಂದೇ ಸಲ. ಫುಟ್‌ಪಾತಿನ ಮೇಲೆ ಸ್ಕೂಟರುಗಳು ವಿಶ್ರಾಂತಿ ಪಡೆಯುತ್ತಿದ್ದುದರಿಂದ ರಸ್ತೆಯ ಅಂಚಿನಲ್ಲಿ ತಳ್ಳುತ್ತಿದ್ದೆ. ಬಸ್ಸೊಂದರ ಕನ್ನಡಿ ಗಾಡಿಯ ಮುಸುಕನ್ನು ಸವರಿಕೊಂಡು ಹೋಯಿತು. ಮಗುವಿಗೆ ಏನೂ ಆಗಲಿಲ್ಲ. ಅಲ್ಲಿಂದಲೇ ಗಾಡಿ ತಿರುಗಿಸಿ ಮನೆಗೆ ಬಂದೆ. ಅಂದಿನಿಂದ ಗಾಡಿ ಬಾಗಿಲ ಹಿಂದೆ ನಿಂತು ಒದ್ದೆ ಬಟ್ಟೆ ಒಣಗಿಸುತ್ತಿತ್ತು, ನಾನು ಮನೆಯೊಳಗೆ ಒಣಗುತ್ತಿದ್ದೆ, ಮಗಳು ನಲವತ್ತು ನಿಮಿಷಕ್ಕಿಂತ ಹೆಚ್ಚು ಮಲಗುವುದು ತನ್ನ ಘನತೆಗೆ ಕುಂದೆಂದು ಭಾವಿಸಿ ಎದ್ದು ಕೂರುತ್ತಿದ್ದಳು.

ಅಂಥ ಮನೆಗೆ ತಮ್ಮ ಭಾನುವಾರ ಬಂತು. ಬಸ್ಸಿನ ಸದ್ದಿಗೆ ಒಗ್ಗಿದ್ದ ಮಗು ನಿಶ್ಶಬ್ದಕ್ಕೆ ಬೆಚ್ಚಿ ಎದ್ದು ಅತ್ತಿತು. ನಮ್ಮತ್ತೆ ಕಿಟಕಿಯಿಂದ ಬಗ್ಗಿ ನೋಡಿ, "ಒಂದೇ ಒಂದು ಕಾರಿಲ್ಲ ಕಣೇ. ಈಗಲಾದ್ರೂ ಇಳಿಸ್ಕೊಂಡು ಹೋಗು, ನಾನೂ ಒಂದು ಗಳಿಗೆ ಕಣ್ಮುಚ್ತೀನಿ" ಎಂದರು. ಬಟ್ಟೆ ಕೊಡವಿ ಗಾಡಿ ಇಳಿಸಿದೆ.

ರಸ್ತೆಯ ಬಾಯಲ್ಲಿ ತಮ್ಮ ಸ್ವಯಂಸೇವಕರಾದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ತಾವು ಸಹಿ ಮಾಡಿದ ನಿಯಮಪತ್ರ ಹಿಡಿದು ನಿಂತಿದ್ದರು. ಮನುಷ್ಯಬಲದಿಂದ ಚಲಿಸುವ, ಎರಡು ಅಥವಾ ಹೆಚ್ಚು ಚಕ್ರಗಳುಳ್ಳ ಎಲ್ಲವನ್ನೂ ಆ ದಿನದ ಸಾಮೂಹಿಕ ಸೈಕಲ್ ಸವಾರಿಗೆ ನೋಂದಾಯಿಸತಕ್ಕದ್ದೆಂದು ಅದರಲ್ಲಿತ್ತು. ಅವರು ಬಗ್ಗಿ ಚಕ್ರ ಎಣಿಸಿದರು. "ನಾಲ್ಕಿದೆಯಲ್ಲಮ್ಮ. ಹಾಗಾದ್ರೆ ಇದು ವಾಹನಾನೇ."

"ಒಳಗಿರೋದು ಮಗು, ಮೇಷ್ಟ್ರೇ."

"ಮಗೂಗೆ ನಂಬರ್ ಬೇಡ. ಗಾಡಿಗೆ ಬೇಕು."

ಹೀಗೆ ನಾನು ನಾನೂರಹನ್ನೆರಡನೆಯ ಸ್ಪರ್ಧಿಯಾದೆ. ತಪ್ಪಿದೆ, ಸ್ಪರ್ಧೆಯಲ್ಲ, ಇದು ಎಲ್ಲರೂ ಕೂಡಿ ಹೋಗುವ ಸವಾರಿ. ಅದಕ್ಕಾಗಿಯೇ ತಾವು ಒಂಬತ್ತನೆಯ ನಿಯಮವನ್ನು ಅಷ್ಟು ಮನಮುಟ್ಟುವಂತೆ ಬರೆದಿದ್ದೀರಿ: ಅತಿ ನಿಧಾನವಾಗಿ ಸಾಗುವವರನ್ನು ಯಾರೂ ಹಿಂದಿಕ್ಕತಕ್ಕದ್ದಲ್ಲ, ಅವರನ್ನು ಮುಂದಿರಿಸಿಕೊಂಡು ಎಲ್ಲರೂ ಒಟ್ಟಾಗಿ ಗುರಿ ಮುಟ್ಟತಕ್ಕದ್ದು. ಮೇಷ್ಟ್ರು ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಗಾಡಿಯನ್ನು ಎಲ್ಲರ ಮುಂದೆ ತಂದು ನಿಲ್ಲಿಸಿದರು. ಇದರಲ್ಲಿ ನನ್ನ ಅಪರಾಧ ಯಾವುದೆಂದು ನಾನಿನ್ನೂ ಹುಡುಕುತ್ತಿದ್ದೇನೆ.

ಎರಡನೇ ಅಡ್ಡರಸ್ತೆ ದಾಟುವಷ್ಟರಲ್ಲಿ ಮಗಳು ಮಲಗಿದಳು. ಗಾಡಿ ನಿಂತರೆ ಏಳುತ್ತಾಳೆ, ಓಡಿದರೂ ಏಳುತ್ತಾಳೆ. ಆದ್ದರಿಂದ ನಾನು ನಿಲ್ಲಲಿಲ್ಲ, ಓಡಲೂ ಇಲ್ಲ. ಯಾರಿಗಾಗಿಯೋ ಉರಿಯುತ್ತಿದ್ದ ಕೆಂಪು ದೀಪವನ್ನು ದಾಟಿದ್ದೂ ನಿಜ, ಒಪ್ಪಿಕೊಳ್ಳುತ್ತೇನೆ. "ಮಗು ಮಲಗಿದೆಯಂತೆ, ಬೆಲ್ ಹೊಡೀಬೇಡಿ" ಎಂಬ ಮಾತು ಸಾಲಿನುದ್ದಕ್ಕೂ ಪಿಸುಗುಟ್ಟುತ್ತ ಹಿಂದಕ್ಕೆ ಹೋಯಿತು. ನನ್ನ ಹಿಂದೆಯೇ ಇದ್ದ ಬೇಕರಿಯವರು, "ಅಕ್ಕಾ, ಒಂಚೂರು ಜೋರಾಗಿ ತಳ್ಳಿ, ಬ್ಯಾಲೆನ್ಸೇ ಸಿಗ್ತಿಲ್ಲ" ಎಂದು ಬೇಡಿಕೊಂಡಾಗ ಅವರ ಹೆಂಡತಿ, "ಸುಮ್ನೆ ಇಳಿದು ನಡೀರಿ. ನಮ್ಮದು ಮಲಗ್ತಿರಲಿಲ್ಲ ಅಂತ ನೀವು ನಿಮ್ಮಮ್ಮನ ಮನೇಗೆ ಹೋಗಿ ಮಲಗ್ತಿದ್ದಿದ್ದು ಮರೆತೋಯ್ತಾ?" ಎಂದರು. ಅವರು ಇಳಿದು ನಡೆದರು. ನೋಡನೋಡುತ್ತ ಮುಕ್ಕಾಲು ಪಾಲು ಜನ ಇಳಿದು ನಡೆದರು. ಸರಪಳಿಗಳು ಕಿರ್ ಕಿರ್ ಎನ್ನುವುದೊಂದೇ ಸದ್ದು. ಆ ರಸ್ತೆ ಗಡಿಯಾರದ ಅಂಗಡಿಯ ಹತ್ತಿರ ಸ್ವಲ್ಪ ಇಳಿಜಾರಾಗಿದೆಯೆಂದು ಅಲ್ಲೇ ವಾಸವಿದ್ದೂ ನನಗೆ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ನಾನು ಬಸ್ಸು ಬಂತೋ ಎಂದು ಹಿಂದೆ ತಿರುಗಿ ತಿರುಗಿ ನೋಡದೆ ನಡೆದೆ.

ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಸವಾರಿ ಮುಗಿಯುವ ವೃತ್ತದ ವೇದಿಕೆಯ ಮೇಲೆ, ಬಿಸಿಲಿನಲ್ಲಿ, ಹಸಿರು ಬಾವುಟ ಹಿಡಿದು ಕಾದ ತಮ್ಮ ಸಹನೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ನಾವು ಹತ್ತಿರ ಬಂದದ್ದೇ ತಾವು ಮೈಕು ಹಿಡಿದಿರಿ. 'ಹಲೋ' ಎಂದಿರಿ. ಮೈಕು ಕಿರುಚಿತು, ಮಗಳು ಕಿರುಚಿದಳು, ಇವಳದ್ದೇ ಮೇಲಾಯಿತು. ನಾನೂರಹನ್ನೊಂದು ಜನ ಒಟ್ಟಿಗೆ ತಲೆಯೆತ್ತಿ ತಮ್ಮನ್ನು ನೋಡಿದ್ದು ನನ್ನ ಕುಮ್ಮಕ್ಕಿನಿಂದಲ್ಲ. ತಾವು 'ಆತ್ಮೀಯ ನಾಗರಿಕರೇ' ಎಂಬಲ್ಲಿಗೇ ಭಾಷಣ ನಿಲ್ಲಿಸಿದ್ದು ತಮ್ಮ ದೊಡ್ಡತನ. ನೋಟೀಸು ಹುಟ್ಟಿದ್ದು ಆ ಗಳಿಗೆಯಲ್ಲಿ ಎಂದು ನಮ್ಮತ್ತೆ ಹೇಳುತ್ತಾರೆ, ನಾನು ನಂಬಿಲ್ಲ.

ಆದ್ದರಿಂದ ಮಾನ್ಯರೇ, ಒಂದೆರಡು ಬಿನ್ನಹಗಳು. ಸೋಮವಾರದಿಂದ ಶನಿವಾರದವರೆಗಿನ ದಿನಗಳನ್ನು ಕ್ರಮೇಣ ಭಾನುವಾರಗಳನ್ನಾಗಿ ಪರಿವರ್ತಿಸುವುದು. ವೇದಿಕೆಗೆ ಚಕ್ರ ಹಾಕಿಸಿ, ನಾನೂರಹದಿಮೂರನೆಯ ನಂಬರು ಅಂಟಿಸಿ, ಮೈಕನ್ನು ಮನೆಯಲ್ಲೇ ಬಿಟ್ಟು ತಾವೂ ನಮ್ಮ ಹಿಂದೆ ಬರುವುದು. ಇವು ಕಷ್ಟವಾದರೆ ಬೇಡ. ಗಾಡಿಯ ಮೇಲಿನ ನಿಷೇಧವೊಂದನ್ನು ಕೈಬಿಡಿ. ಆ ದಿನ ನನ್ನ ಮಗಳು ಒಂದೂವರೆ ಗಂಟೆ ಮಲಗಿದಳು. ಹುಟ್ಟಿದ ಮೇಲೆ ಅಷ್ಟು ಹೊತ್ತು ಅವಳು ಮಲಗಿದ್ದು ಅದೊಂದೇ ಸಲ, ಅದೂ ನಡುರಸ್ತೆಯಲ್ಲಿ. ಆ ರಸ್ತೆ ನಮಗೆ ಇನ್ನೊಮ್ಮೆ ಬೇಕು. ಬಟ್ಟೆ ಒಣಗಿಸುವುದಕ್ಕೆ ಹಗ್ಗ ಕಟ್ಟಿಸಿದ್ದೇನೆ.

ಎಚ್ಚರವಾಗಿಯೇ ಇರುವ ತಮ್ಮ ವಿಶ್ವಾಸಿ,
ನಾನೂರಹನ್ನೆರಡನೆಯ ನಂಬರಿನವಳು

ಮರೆತ ಮಾತು: ತಮ್ಮ ನೋಟೀಸನ್ನು ನನ್ನ ಗಂಡ ನಿನ್ನೆ ಮಧ್ಯಾಹ್ನ ಗಟ್ಟಿಯಾಗಿ ಓದುತ್ತಿದ್ದಾಗ, 'ಮೇಲ್ಕಾಣಿಸಿದ ಉಪನಿಯಮದನ್ವಯ' ಎಂಬಲ್ಲಿಗೆ ಬರುವಷ್ಟರಲ್ಲಿ ಮಗು ಮಲಗಿಬಿಟ್ಟಿತು, ಎರಡನೇ ಪುಟಕ್ಕೆ ಅವರೂ ಮಲಗಿದರು. ಆದ್ದರಿಂದ ನನ್ನ ಈ ಸಮಜಾಯಿಷಿ ತಮಗೆ ತೃಪ್ತಿಕರವಾಗದಿದ್ದಲ್ಲಿ ದಯವಿಟ್ಟು ಇನ್ನೊಂದು ನೋಟೀಸು ಕಳಿಸಿ, ಆದಷ್ಟು ಉದ್ದನೆಯದು. ತರುವವರಿಗೆ ಕರೆಗಂಟೆ ಒತ್ತಬೇಡಿ, ಬಾಗಿಲ ಸಂದಿಯಲ್ಲಿ ತಳ್ಳಿ ಹೋಗಿ ಎಂದು ಹೇಳಿರಿ.